ಹತ್ತೊಂಬತ್ತು ಒಂದುಗಳು

1979ರ ಹಿಂಗಾರಿನ ಒಂದು ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೆ, ನಾನು ಮಾರಿಕುಪ್ಪಂ ಕಡೆಯ ಒಂದು ಗಣಿಯ ಕಾವಲು ಕಚೇರಿಯಲ್ಲಿ ನಿಂತಿದ್ದೆ. ಬಾಗಿಲಿನಿಂದ ಒಳಕ್ಕೆ ಮೂರು ಹೆಜ್ಜೆ. ನನ್ನ ಎಡಕ್ಕೆ ಕಿಟಕಿ. ಕಿಟಕಿಯಾಚೆ ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬ, ಮಳೆಯಲ್ಲಿ ನೆನೆದು ಬೂದಿಬಣ್ಣವಾಗಿತ್ತು. ಎದುರಿಗೆ ಮೇಜು, ಮೇಜಿನ ಹಿಂದೆ ಅಧಿಕಾರಿ. ಮೇಜಿನ ಮೇಲೆ ಅರಗಿನ ಮುದ್ರೆ ಹಾಕಿದ ಖಾಕಿ ಲಕೋಟೆ ಒಂದು, ಟೈಪ್ ಮಾಡಿದ ಹಾಳೆ ಒಂದು. ನನ್ನ ಬಲಕ್ಕೆ ಪಿಳ್ಳಪ್ಪ ನಿಂತಿದ್ದ. ಗೋಡೆ ಹತ್ತಿರವೇ ಇದ್ದರೂ ಅವನು ಅದಕ್ಕೆ ಒರಗಿರಲಿಲ್ಲ.

ಇಷ್ಟನ್ನು ಮೊದಲೇ ಬರೆದಿಡುತ್ತೇನೆ, ಏಕೆಂದರೆ ಇದರಲ್ಲಿ ನನಗೆ ಅನುಮಾನವಿಲ್ಲ. ಉಳಿದುದರಲ್ಲಿ ಎಲ್ಲೆಲ್ಲಿ ಅನುಮಾನವಿದೆಯೋ ಅಲ್ಲಲ್ಲಿ ಹೇಳುತ್ತೇನೆ.

ಹೋದ ತಿಂಗಳು ನಮ್ಮೂರಿನ ಹಾಲಿನ ಡೈರಿಯ ಗೋಡೆಯ ಮೇಲೆ ಕ್ಯಾನುಗಳ ಲೆಕ್ಕ ಬರೆದಿದ್ದನ್ನು ಕಂಡೆ. ಸೀಮೆಸುಣ್ಣದಲ್ಲಿ ನಾಲ್ಕು ನಿಂತ ಗೀಟು, ಅವುಗಳ ಮೇಲೆ ಅಡ್ಡ ಒಂದು ಗೀಟು. ಅಂಥ ಮೂರು ಕಟ್ಟು, ಪಕ್ಕದಲ್ಲಿ ಬಿಡಿಯಾಗಿ ನಾಲ್ಕು. ಹಾಲಿನ ಲೋಟ ಕೈಯಲ್ಲಿ ಹಿಡಿದೇ ಅದನ್ನು ಎರಡು ಸಲ ಎಣಿಸಿದೆ. ಮನೆಗೆ ಬಂದು ಈ ಬರಹಕ್ಕೆ ಕುಳಿತೆ.

ಆಗ ನಾನು ರಾಬರ್ಟ್‌ಸನ್‌ಪೇಟೆಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮನೆ ಬಂಗಾರಪೇಟೆಗೆ ಎರಡು ಮೈಲಿ ದೂರದ ಹಳ್ಳಿಯಲ್ಲಿ. ಬೆಳಿಗ್ಗೆ ಸೈಕಲ್ಲಿನಲ್ಲಿ ಬಂಗಾರಪೇಟೆ ಸ್ಟೇಷನ್ನಿಗೆ ಬಂದು ಮಾರಿಕುಪ್ಪಂ ಗಾಡಿ ಹತ್ತುವುದು, ಸಂಜೆ ಅದೇ ಗಾಡಿಯಲ್ಲಿ ಹಿಂದಕ್ಕೆ. ಪಿಳ್ಳಪ್ಪ ಗಣಿಯ ಸರ್ವೆ ವಿಭಾಗದಲ್ಲಿ ಸಹಾಯಕ. ನೆಲದ ಕೆಳಗೆ ಸರ್ವೆಯವರ ಹಿಂದೆ ಟೇಪು ಹಿಡಿದು ನಡೆಯುವ ಕೆಲಸ. ಅವನ ಹುಟ್ಟೂರು ನಮ್ಮ ಪಕ್ಕದ ಹಳ್ಳಿ. ಹೆಂಡತಿ ಮಕ್ಕಳೊಡನೆ ಗಣಿಯವರು ಕೊಟ್ಟ ಲೈನ್ ಮನೆಯಲ್ಲಿದ್ದರೂ, ಊರಿನಲ್ಲಿದ್ದ ತಾಯಿಯನ್ನು ನೋಡಲು ವಾರಕ್ಕೆ ಎರಡು ಮೂರು ಸಲ ಅದೇ ಗಾಡಿಯಲ್ಲಿ ಬರುತ್ತಿದ್ದ.

ಗಾಡಿಯಲ್ಲಿ ಅವನು ಯಾವಾಗಲೂ ಬರೆಯುತ್ತಿದ್ದ. ಬುತ್ತಿಪಾತ್ರೆಯನ್ನು ಮಂಡಿಯ ಮೇಲಿಟ್ಟು, ಅದರ ಮೇಲೆ ಕಾಗದ ಇಟ್ಟು, ಗಿಡ್ಡ ಪೆನ್ಸಿಲಿನಲ್ಲಿ. ಯಾರಾದರೂ ಬಗ್ಗಿ ನೋಡಿದರೆ ಕಾಗದವನ್ನು ಮಗುಚಿಡುತ್ತಿದ್ದ. ನನಗೆ ಅದು ಹಿಡಿಸುತ್ತಿರಲಿಲ್ಲ. ಮುಚ್ಚಿಡುವಂಥದ್ದು ಏನಿದೆ ಎಂದು ಅನಿಸುತ್ತಿತ್ತು. ಗಾಡಿಯವರೆಲ್ಲ ಅದು ಮಟ್ಕಾ ಜೂಜಿನ ಓಪನ್, ಕ್ಲೋಜ್ ನಂಬರು ಎಂದುಕೊಂಡಿದ್ದರು.

“ಏನ್ಲಾ ಪಿಳ್ಳ, ಇವತ್ತು ಓಪನ್ನಿಗೆ ಏನು ಬತ್ತದೆ? ನಂಗೂ ಒಸಿ ಏಳ್ಲಾ.”

“ಒಂದು ಬತ್ತದೆ ಕಣಣ್ಣ.”

“ಕ್ಲೋಜಿಗೆ?”

“ಅದೂ ಒಂದೇ.”

ಎಲ್ಲರೂ ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ಅವನು ನಿಜವನ್ನೇ ಹೇಳುತ್ತಿದ್ದ ಎಂದು ಆಗ ತಿಳಿದಿರಲಿಲ್ಲ.

ಆ ವರ್ಷದ ಶ್ರಾವಣದಲ್ಲಿ ಒಂದು ದಿನ ಅವನು ನನ್ನ ಎದುರು ಸೀಟಿಗೆ ಬಂದು ಕುಳಿತ.

“ಮೇಷ್ಟ್ರೇ, ಒಂದು ಕೇಳ್ಲಾ? ಬರೀ ಒಂದೇ ಇರೋ ನಂಬರುಗಳು ಇರ್ತವಲ್ಲ, ಅನ್ನೊಂದು, ನೂರ ಅನ್ನೊಂದು, ಅಂಗೇ ಉದ್ದಕ್ಕೆ. ಅವುಗಳಾಗೆ ಯಾವುದು ಭಾಗ ಆಗಲ್ಲ?”

ನಾನು ಮಕ್ಕಳಿಗೆ ಹೇಳುವ ಧಾಟಿಯಲ್ಲಿ ಹೇಳಿದೆ. ಒಂದುಗಳನ್ನು ಸಮನಾದ ಗುಂಪುಗಳಾಗಿ ಒಡೆಯಲು ಬಂದರೆ ಸಂಖ್ಯೆ ಭಾಗವಾಗುತ್ತದೆ. ನಾಲ್ಕು ಒಂದು ಇದ್ದರೆ ಎರಡೆರಡು ಮಾಡಬಹುದು, ಆದ್ದರಿಂದ ಹನ್ನೊಂದು ಅದನ್ನು ಭಾಗಿಸುತ್ತದೆ. ಆರು ಇದ್ದರೂ ಹಾಗೆಯೇ. ಐದನ್ನು ಸಮ ಗುಂಪು ಮಾಡಲಾಗದು, ಆದ್ದರಿಂದ ಐದು ಒಂದುಗಳ ಸಂಖ್ಯೆ ಭಾಗವಾಗುವುದಿಲ್ಲ.

“ಆಗ್ತದೆ ಸಾರ್,” ಎಂದ ಪಿಳ್ಳಪ್ಪ. “ನಲವತ್ತೊಂದರಾಗೆ ಓಗ್ತದೆ.”

ಸುತ್ತ ಕುಳಿತವರು ನನ್ನ ಮುಖ ನೋಡಿದರು. ಮೇಷ್ಟ್ರಿಗೆ ಪಿಳ್ಳ ಪಾಠ ಹೇಳ್ತಾವ್ನೆ ಎಂದು ಯಾರೋ ಅಂದರು. ನಾನು ಕಿಟಕಿಯ ಕಡೆ ತಿರುಗಿದೆ. ಮನೆಗೆ ಹೋಗಿ ಸ್ಲೇಟು ತೆಗೆದು ಮಾಡಿ ನೋಡಿದೆ. ನಲವತ್ತೊಂದನ್ನು ಇನ್ನೂರ ಎಪ್ಪತ್ತೊಂದರಿಂದ ಗುಣಿಸಿದರೆ ಹನ್ನೊಂದು ಸಾವಿರದ ನೂರ ಹನ್ನೊಂದು. ಶೇಷವಿಲ್ಲ. ಗುಂಪು ಮಾಡಲು ಬಂದರೆ ಭಾಗವಾಗುವುದು ಖಂಡಿತ. ಗುಂಪು ಮಾಡಲು ಬರದಿದ್ದರೆ ಭಾಗವಾಗುವುದಿಲ್ಲ ಎಂದು ಮಾತ್ರ ಹೇಳುವಂತಿಲ್ಲ. ಇಪ್ಪತ್ತು ವರ್ಷ ಗಣಿತ ಓದಿದವನಿಗೆ ಇದು ಹೊಳೆದಿರಲಿಲ್ಲ, ಟೇಪು ಹಿಡಿಯುವವನಿಗೆ ಹೊಳೆದಿತ್ತು. ಇವನಿಗೆ ಇದನ್ನು ಯಾರು ಹೇಳಿಕೊಟ್ಟರು ಎಂಬ ಅನುಮಾನವೇ ನನ್ನಲ್ಲಿ ಮೊದಲು ಹುಟ್ಟಿತು. ಮೆಚ್ಚುಗೆ ಹುಟ್ಟಲಿಲ್ಲ. ಮಾರನೆಯ ದಿನದಿಂದ ನಾನು ಬೇರೆ ಡಬ್ಬಿ ಹತ್ತತೊಡಗಿದೆ.

ನವೆಂಬರಿನಲ್ಲಿ ಮಳೆ ಹಿಡಿದುಕೊಂಡಿತು. ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ನೆನೆಯುತ್ತಿತ್ತು. ಗಾಡಿಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಅಂಥ ವಾರದಲ್ಲಿ ಪಿಳ್ಳಪ್ಪ ಸಿಕ್ಕಿಬಿದ್ದ ಸುದ್ದಿ ಬಂತು.

ಗಣಿಯಿಂದ ಮೇಲೆ ಬಂದವರನ್ನು ಬಟ್ಟೆ ಬಿಚ್ಚಿಸಿ, ಕೈಕಾಲು ಎತ್ತಿಸಿ, ಬುತ್ತಿಪಾತ್ರೆಯ ಮುಚ್ಚಳ ತೆಗೆಸಿ ನೋಡುವುದು ಅಲ್ಲಿನ ದಿನದ ರೂಢಿ. ಚಿನ್ನದ ಅದಿರಿನ ಚೂರು ಹೊರಗೆ ಹೋಗಬಾರದು. ಆ ದಿನ ಬಾಗಿಲಲ್ಲಿದ್ದ ಕಾವಲಿನವನು ಏಳುಮಲೆ. ಪಿಳ್ಳಪ್ಪನ ಬುತ್ತಿಪಾತ್ರೆಯಲ್ಲಿ ಅದಿರು ಸಿಗಲಿಲ್ಲ. ಮುಚ್ಚಳದ ಒಳಗೆ ನಾಲ್ಕಾಗಿ ಮಡಿಸಿದ ಕಾಗದ ಸಿಕ್ಕಿತು. ಅದು ಸರ್ವೆ ಕಚೇರಿಯಲ್ಲಿ ಕೆಟ್ಟುಹೋದ ನಕ್ಷೆಯ ತುಂಡು. ಅದನ್ನು ಹೊರಗೆ ಒಯ್ಯುವುದೇ ತಪ್ಪು, ಮತ್ತು ಆ ತಪ್ಪನ್ನು ಪಿಳ್ಳಪ್ಪ ಮಾಡಿದ್ದ. ಅದರ ಬೆನ್ನಿಗೆ ಮೇಲ್ಗಡೆ ಒಂದು ಸಾಲು ಪೆನ್ಸಿಲ್ ಗೀಟುಗಳಿದ್ದವು. ಕೆಳಗೆ ಒಂದರ ಕೆಳಗೊಂದು ಸಂಖ್ಯೆಗಳು: 191, 229, 419, 457, 571, 647, 761. ಪ್ರತಿಯೊಂದರ ಎದುರಿಗೂ ಇನ್ನೊಂದು ಸಂಖ್ಯೆ.

ಗೀಟುಗಳು ಕದ್ದ ಚೂರುಗಳ ಎಣಿಕೆ, ಸಂಖ್ಯೆಗಳು ಬಚ್ಚಿಟ್ಟ ಜಾಗಗಳ ಗುರುತು ಎಂದು ಕಚೇರಿಯವರು ತಿಳಿದರು. ಅವರನ್ನು ನಾನು ಪೂರ್ತಿ ತಪ್ಪು ಎನ್ನಲಾರೆ. ನಾನಾಗಿದ್ದರೂ ಹಾಗೆಯೇ ತಿಳಿಯುತ್ತಿದ್ದೆ.

ಪಿಳ್ಳಪ್ಪ ಹೇಳಿದ್ದು ಒಂದೇ ಮಾತು. ಅವು ಎಣಿಕೆಯ ಗೀಟುಗಳಲ್ಲ, ಒಂದು ಎಂಬ ಅಂಕೆಗಳು. ಸಾಲಾಗಿ ಸೇರಿ ಒಂದೇ ದೊಡ್ಡ ಸಂಖ್ಯೆ. ಆ ಸಂಖ್ಯೆಯನ್ನು ಯಾವುದೂ ಭಾಗಿಸದು ಎಂದು ಹಳೆ ಪುಸ್ತಕವೊಂದರಲ್ಲಿ ಓದಿದ್ದಾನೆ, ಅದು ನಿಜವೋ ಎಂದು ಒಂದೊಂದಾಗಿ ಭಾಗಿಸಿ ನೋಡುತ್ತಿದ್ದಾನೆ. ಎದುರಿಗಿರುವುದು ಶೇಷ. ಕಚೇರಿಯವರು ನಂಬಲಿಲ್ಲ. ಆಗ ಅವನು ಹೇಳಿದನಂತೆ: “ರಾಬರ್ಟ್‌ಸನ್‌ಪೇಟೆ ಇಸ್ಕೂಲಿನ ನಾರಾಯಣಪ್ಪ ಮೇಷ್ಟ್ರನ್ನ ಕೇಳಿ. ಅವರು ಸುಳ್ಳು ಏಳಲ್ಲ.”

ಆ ನಾರಾಯಣಪ್ಪ ನಾನು. ಶುಕ್ರವಾರ ಮಧ್ಯಾಹ್ನ ಹೆಡ್‌ಮಾಸ್ಟರು ನನ್ನನ್ನು ತರಗತಿಯಿಂದ ಕರೆಸಿ, ಗಣಿಯಿಂದ ಬಂದಿದ್ದ ಜೀಪಿನಲ್ಲಿ ಕಳಿಸಿದರು.

ಅಧಿಕಾರಿ ಟೈಪ್ ಮಾಡಿದ ಹಾಳೆಯನ್ನು ನನ್ನ ಕಡೆ ಸರಿಸಿದರು. ಮೇಲೆ ಒಂದುಗಳ ಸಾಲು, ಕೆಳಗೆ ಆ ಏಳು ಸಂಖ್ಯೆಗಳು. ಪಿಳ್ಳಪ್ಪನ ಮೂಲ ಕಾಗದ ಮುದ್ರೆ ಹಾಕಿದ ಲಕೋಟೆಯೊಳಗಿತ್ತು.

“ಈ ನಂಬರ್ ಯಾವುದರಿಂದಲೂ ಭಾಗ ಆಗಲ್ವಂತೆ. ಹೌದಾ ಮೇಷ್ಟ್ರೇ?”

ನಾನು ಪೆನ್ನಿನ ತುದಿಯಿಟ್ಟು ಎಣಿಸಿದೆ. ಹದಿನಾರು. ಎರಡೆರಡರ ಎಂಟು ಗುಂಪು. ಒಂದು ನಿಮಿಷವೂ ಬೇಕಾಗಲಿಲ್ಲ.

“ಆಗುತ್ತೆ ಸಾರ್. ಹನ್ನೊಂದರಿಂದಲೇ ಆಗುತ್ತೆ. ಏಳನೇ ಕ್ಲಾಸಿನ ಹುಡುಗರೂ ಮಾಡ್ತಾರೆ.”

ಕೊನೆಯ ಮಾತನ್ನು ಯಾರೂ ಕೇಳಿರಲಿಲ್ಲ. ಅದನ್ನು ಸೇರಿಸಿದವನು ನಾನು. ಸೇರಿಸಿದಾಗ ಎದೆಯೊಳಗೆ ಏನೋ ಹಗುರಾಯಿತು. ಅದೂ ನಿಜ, ಬರೆಯಬೇಕು.

ಪಿಳ್ಳಪ್ಪ ತಲೆಯೆತ್ತಿದ. “ಅದ್ರಾಗೆ ಎಷ್ಟು ಒಂದು ಇದಾವೆ ಸಾರ್?”

“ಎಣಿಸಿದ್ದೀನಿ.”

“ಎಷ್ಟು ಅಂತ ಏಳಿ ಸಾರ್.”

“ಏಯ್, ಸಾಕು ಸುಮ್ನಿರು,” ಎಂದರು ಅಧಿಕಾರಿ.

ನಾನು ಹದಿನಾರು ಎನ್ನಬಹುದಿತ್ತು. ಯಾರೂ ನನ್ನ ಬಾಯಿ ಹಿಡಿದಿರಲಿಲ್ಲ. ಅಧಿಕಾರಿ ಸುಮ್ಮನಿರು ಎಂದದ್ದು ಅವನಿಗೆ, ನನಗಲ್ಲ. ಗಾಡಿಯಲ್ಲಿ ಕೇಳಿದಂತೆಯೇ ಇಲ್ಲಿಯೂ ಇವನು ನನ್ನನ್ನು ಪರೀಕ್ಷಿಸುತ್ತಿದ್ದಾನೆ ಎಂದು ಅನಿಸಿತು. ಬಾಯಿ ಬಿಡಲಿಲ್ಲ. ಹೇಳಿಕೆಯ ಕೆಳಗೆ ಸಹಿ ಹಾಕಿದೆ. ಆಚೆ ಮೇಜಿನಲ್ಲಿ ಟೈಪಿಸ್ಟ್ ಸರೋಜಮ್ಮ ಇದ್ದರು, ಬಾಗಿಲಲ್ಲಿ ಏಳುಮಲೆ ಇದ್ದ. ಇಬ್ಬರೂ ಇದನ್ನು ಕೇಳಿಸಿಕೊಂಡರು.

ಸಂಜೆಯ ಗಾಡಿಯನ್ನು ಮಾರಿಕುಪ್ಪಂನಲ್ಲೇ ಹತ್ತಿದೆ. ಕಿಟಕಿಯ ಮರದ ಫಲಕ ಇಳಿಸಿದ್ದರೂ ಮಳೆ ಒಳಗೆ ಬರುತ್ತಿತ್ತು. ಮನಸ್ಸು ತನ್ನಷ್ಟಕ್ಕೆ ಆ ಏಳು ಸಂಖ್ಯೆಗಳ ಹಿಂದೆ ಹೋಯಿತು. 191ಕ್ಕೂ 229ಕ್ಕೂ ನಡುವೆ ಮೂವತ್ತೆಂಟು. 229ಕ್ಕೂ 419ಕ್ಕೂ ನಡುವೆ ನೂರ ತೊಂಬತ್ತು, ಅಂದರೆ ಐದು ಮೂವತ್ತೆಂಟು. ಮುಂದಿನದು ಮತ್ತೆ ಮೂವತ್ತೆಂಟು. ಊರಗಾಂ ಸ್ಟೇಷನ್ ದಾಟುವ ಹೊತ್ತಿಗೆ ಎಲ್ಲವನ್ನೂ ಕಳೆದು ನೋಡಿದ್ದೆ. ಏಳೂ ಸಂಖ್ಯೆಗಳು ಮೂವತ್ತೆಂಟರ ಮಗ್ಗಿಗೆ ಒಂದು ಕೂಡಿಸಿದವು. ಹೀಗೆ ಆರಿಸಿಕೊಂಡವನು ಕುರುಡಾಗಿ ಭಾಗಿಸುತ್ತಿಲ್ಲ. ಯಾವುದು ಭಾಗಿಸಲು ಸಾಧ್ಯವೇ ಇಲ್ಲವೋ ಅದನ್ನೆಲ್ಲ ಮೊದಲೇ ಬಿಟ್ಟಿದ್ದಾನೆ. ಸಂಖ್ಯೆಯಲ್ಲಿ ಒಂದುಗಳು ಎಷ್ಟಿವೆಯೋ ಅದರ ಎರಡರಷ್ಟರ ಮಗ್ಗಿಗೆ ಒಂದು ಕೂಡಿಸಿ ಹುಡುಕಬೇಕು. ಒಂದುಗಳ ಎಣಿಕೆ ಗುಂಪು ಮಾಡಲು ಬಾರದಂಥದ್ದಾದರೆ ದಾರಿ ಅದೊಂದೇ. ಮೂವತ್ತೆಂಟರ ಅರ್ಧ ಹತ್ತೊಂಬತ್ತು.

ಹದಿನಾರಕ್ಕೂ ಈ ಪಟ್ಟಿಗೂ ಸಂಬಂಧವಿಲ್ಲ. ಕಾಗದದಲ್ಲಿ ಇದ್ದದ್ದು ಹತ್ತೊಂಬತ್ತು ಒಂದು. ಹನ್ನೊಂದು ಸಾವಿರದ ನೂರ ಹನ್ನೊಂದು ಕೋಟಿ ಕೋಟಿಗೂ ಮೇಲಿನ ಒಂದು ಸಂಖ್ಯೆ. ಟೈಪಾದ ಹಾಳೆಯಲ್ಲಿ ಮೂರು ಒಂದು ಎಲ್ಲೋ ಕಳೆದುಹೋಗಿದ್ದವು. ಲಕೋಟೆ ಮೇಜಿನ ಮೇಲೆ, ನನ್ನ ಕೈಗೆಟುಕುವಷ್ಟು ಹತ್ತಿರ ಇತ್ತು. ಅದನ್ನು ಒಡೆದು ತೋರಿಸಿ ಎಂದು ನಾನು ಕೇಳಿರಲಿಲ್ಲ.

ಬಂಗಾರಪೇಟೆಯಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಹಿಂದಕ್ಕೆ ಹೋಗುವ ಗಾಡಿ ಪಕ್ಕದ ಪ್ಲಾಟ್‌ಫಾರಂನಲ್ಲೇ ನಿಂತಿತ್ತು. ನಾನು ಹತ್ತಲಿಲ್ಲ. ಸಹಿ ಹಾಕಿ ಎರಡು ಗಂಟೆಯೊಳಗೆ ಬಂದು ಮಾತು ಬದಲಿಸಿದರೆ ನನ್ನನ್ನೂ ಅವನ ಜೊತೆಗಾರ ಎನ್ನುತ್ತಾರೆ ಎಂಬ ಭಯ. ಅವನ ಸಂಕೇತ ನಿಮಗೆ ಹೇಗೆ ತಿಳಿಯಿತು ಎಂದು ಕೇಳಿದರೆ ಏನು ಹೇಳುವುದು? ಶನಿವಾರ ಸ್ಕೂಲು ಅರ್ಧ ದಿನ. ಶನಿವಾರವೂ ಹೋಗಲಿಲ್ಲ. ಮಳೆ ಎಂದುಕೊಂಡೆ. ಭಾನುವಾರ ನೆನೆದ ರಾಗಿ ತೆನೆಯನ್ನು ಜಗಲಿಯಲ್ಲಿ ಹರವುತ್ತಾ ಇಡೀ ದಿನ ಕಳೆದೆ. ನನ್ನ ಹೆಂಡತಿ, ಯಾಕೆ ಒಂದೇ ಕಡೆ ಮತ್ತೆ ಮತ್ತೆ ಹರವುತ್ತಿದ್ದೀರಿ ಎಂದು ಕೇಳಿದಳು.

ಸೋಮವಾರ ಹತ್ತು ಗಂಟೆಗೆ ಹೋದೆ.

ಟೈಪಾದ ಹಾಳೆಯಲ್ಲಿ ಮೂರು ಒಂದು ಬಿಟ್ಟುಹೋಗಿವೆ ಎಂದೆ. ಅಧಿಕಾರಿ ಹಾಳೆಯನ್ನು ಎದುರಿಗೆ ಎಳೆದುಕೊಂಡರು. “ಶುಕ್ರವಾರ ಒಂದು ಹೇಳಿದ್ರಿ. ಇವತ್ತು ಇನ್ನೊಂದು ಹೇಳ್ತಿದ್ದೀರಿ. ಮಧ್ಯದಲ್ಲಿ ಯಾರು ಸಿಕ್ಕಿದ್ರು ನಿಮಗೆ?”

“ಯಾರೂ ಇಲ್ಲ ಸಾರ್. ಲಕೋಟೆ ಒಡೆದು ಎಣಿಸಿ.”

ಮೊದಲು ಏಳುಮಲೆಯ ರಿಜಿಸ್ಟರು ತರಿಸಿದರು. ಕಾಗದವನ್ನು ಲಕೋಟೆಗೆ ಹಾಕಿ ಮುದ್ರೆ ಒತ್ತುವ ಮುಂಚೆ ಅದರಲ್ಲಿದ್ದುದನ್ನು ಅವನು ತನ್ನ ಕೈಯಲ್ಲಿ ನಕಲು ಮಾಡಿದ್ದ. ಟೈಪಾದದ್ದು ಆ ನಕಲಿನಿಂದ. ಏಳುಮಲೆ ಕಾವಲಿಗೆ ಬರುವ ಮುಂಚೆ ಹನ್ನೆರಡು ವರ್ಷ ಗಣಿಯೊಳಗೆ ಅದಿರು ಸಾಗಿಸುವ ಟಬ್ಬುಗಳನ್ನು ಎಣಿಸಿದವನು. ರಿಜಿಸ್ಟರಿನಲ್ಲಿ ಇದ್ದದ್ದು ಇದು: ನಾಲ್ಕು ನಿಂತ ಗೀಟು, ಮೇಲೊಂದು ಅಡ್ಡ ಗೀಟು, ಅಂಥ ಮೂರು ಕಟ್ಟು, ಆಮೇಲೆ ಬಿಡಿಯಾಗಿ ನಾಲ್ಕು.

“ಅದು ಟಬ್ಬು ಎಣಿಸೋ ರೀತಿ ಸಾರ್,” ಎಂದ ಏಳುಮಲೆ. “ಗೀಟು ಕಂಡ್ರೆ ನಮ್ ಕೈ ತಾನಾಗೇ ಕಟ್ಟು ಆಕ್ತದೆ. ಅಡ್ಡ ಗೀಟು ಐದನೇದು. ಕೆಳಗಡೆ ಕೆಲಸ ಮಾಡಿದೋರಿಗೆಲ್ಲ ಗೊತ್ತು, ಸಾಮಿ.”

ಸರೋಜಮ್ಮ ಕೆಳಗಡೆ ಕೆಲಸ ಮಾಡಿದವರಲ್ಲ. ಕೋಲಾರದ ಕಡೆಯ ಹಳ್ಳಿಯಿಂದ ಬಂದು ಆರು ತಿಂಗಳಾಗಿತ್ತು. ಅವರು ರಿಜಿಸ್ಟರಿನ ಮೇಲೆ ಬಗ್ಗಿದರು. “ನಾನು ನಿಂತಿರೋ ಗೀಟು ಮಾತ್ರ ಎಣಿಸಿದೆ ಸಾರ್. ಅಡ್ಡ ಇರೋದು ಕಟ್ಟು ಕಟ್ಟಿರೋ ಅಗ್ಗ ಅಂದ್ಕೊಂಡೆ. ಉಲ್ಲಿನ ಕಟ್ಟಿನಾಗೆ ಅಗ್ಗನೂ ಉಲ್ಲು ಅಂತ ಎಣಿಸ್ತಾರಾ?”

ಅಧಿಕಾರಿ ಅರಗು ಒಡೆದರು. ಪೆನ್ಸಿಲ್ ಗೀಟುಗಳು ಒಂದೇ ಅಂತರದಲ್ಲಿ, ನೇರವಾಗಿ ಇದ್ದವು. ಏಳುಮಲೆ ಎಣಿಸಿದ, ಸರೋಜಮ್ಮ ಎಣಿಸಿದರು, ನಾನು ಎಣಿಸಿದೆ, ಕೊನೆಗೆ ಅಧಿಕಾರಿಯೂ ತುಟಿ ಅಲ್ಲಾಡಿಸುತ್ತ ಎಣಿಸಿದರು. ಹತ್ತೊಂಬತ್ತು.

“ಸರಿ,” ಎಂದರು. “ಹತ್ತೊಂಬತ್ತು ಇದ್ರೆ ಯಾವುದರಿಂದಲೂ ಭಾಗ ಆಗಲ್ಲ. ಹಾಗಂತ ಬರ್ಕೊಡ್ತೀರಾ?”

ನನ್ನ ಕೈಯಲ್ಲಿ ಪೆನ್ನಿತ್ತು. ಮೂರು, ಏಳು, ಹನ್ನೊಂದು, ಹದಿಮೂರು ಭಾಗಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಪಿಳ್ಳಪ್ಪನ ಏಳು ಸಂಖ್ಯೆಗಳನ್ನೂ ನಾನು ಭಾನುವಾರ ರಾತ್ರಿ ಮಾಡಿ ನೋಡಿದ್ದೆ. ಪೂರ್ತಿ ಖಾತರಿಯಾಗಬೇಕಾದರೆ ನೂರೈದು ಕೋಟಿಯವರೆಗೆ ನೋಡಬೇಕು. ಮೂವತ್ತೆಂಟರ ದಾರಿಯಲ್ಲಿ ಹೋದರೂ ಎರಡೂಮುಕ್ಕಾಲು ಕೋಟಿ ಸಂಖ್ಯೆಗಳು. ದಿನಕ್ಕೆ ಇಪ್ಪತ್ತು ಮಾಡಿದರೆ ಮೂರು ಸಾವಿರದ ಎಂಟುನೂರು ವರ್ಷ. ಅವನಿಗೆ ಆ ಮಾತು ಹೇಳಿದ ಪುಸ್ತಕವನ್ನು ನಾನು ಕಂಡಿರಲಿಲ್ಲ. ಒಂದು ಸಂಖ್ಯೆ ಭಾಗವಾಗುತ್ತದೆ ಎನ್ನಲು ಭಾಗಿಸುವ ಒಂದನ್ನು ತೋರಿಸಿದರೆ ಮುಗಿಯಿತು. ಆಗುವುದಿಲ್ಲ ಎನ್ನಲು ಇರುವ ಎಲ್ಲವನ್ನೂ ಮುಟ್ಟಿ ಬರಬೇಕು. ಶುಕ್ರವಾರ ಆ ಕೋಣೆಯಲ್ಲಿ ಪಿಳ್ಳಪ್ಪನೂ, ಕದ್ದಿಲ್ಲ ಎಂದು ತೋರಿಸಲಾಗದೆ, ಹಾಗೆಯೇ ಸಿಕ್ಕಿಕೊಂಡಿದ್ದ.

“ಆಗಲ್ಲ ಅಂತ ಬರ್ಕೊಡೋಕೆ ನನಗೆ ಗೊತ್ತಿಲ್ಲ ಸಾರ್. ಆಗುತ್ತೆ ಅಂದಿದ್ದು ತಪ್ಪು ಅಂತ ಬರ್ಕೊಡ್ತೀನಿ.”

“ಅದರಿಂದ ಏನಾಯ್ತು?” ಅವರ ದನಿಯಲ್ಲಿ ಕೋಪವಿರಲಿಲ್ಲ. “ನೀವು ಸಹಿ ಹಾಕಿದ ಹೇಳಿಕೆ ಮೇಲಿನವರಿಗೆ ಹೋಯ್ತು ಮೇಷ್ಟ್ರೇ. ಶನಿವಾರ ಹನ್ನೆರಡು ಗಂಟೆವರೆಗೆ ಇಲ್ಲೇ ಇತ್ತು.”

ನನ್ನ ಎರಡನೆಯ ಹೇಳಿಕೆಯನ್ನು ಅವರು ತೆಗೆದುಕೊಂಡರು. ಅದನ್ನು ಮೇಲಿನವರು ಓದಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಆ ವಾರವೇ ಪಿಳ್ಳಪ್ಪನ ಕೆಲಸ ಹೋಯಿತು. ನಕ್ಷೆಯ ಕಾಗದ ಹೊರಗೆ ಒಯ್ದದ್ದು, ವಿಚಾರಣೆಯಲ್ಲಿ ಸುಳ್ಳು ಹೇಳಿದ್ದು, ಎರಡು ಕಾರಣ ಬರೆದಿದ್ದರು. ಮೊದಲನೆಯದೊಂದೇ ಆಗಿದ್ದರೆ ಎಚ್ಚರಿಕೆ ಕೊಟ್ಟು ಬಿಡುತ್ತಿದ್ದರು ಎಂದು ಏಳುಮಲೆ ಆಮೇಲೆ ಹೇಳಿದ. ಎರಡನೆಯದು ನಾನು ಕೊಟ್ಟದ್ದು.

ಲೈನ್ ಮನೆಗೆ ಹೋದಾಗ ಅವನ ಹೆಂಡತಿ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದಳು. ನನ್ನನ್ನು ನೋಡಿ ಒಳಗೆ ಹೋದಳು. ಪಿಳ್ಳಪ್ಪ ಹೊಸ್ತಿಲಲ್ಲೇ ನಿಂತ. ನಾನು ಗೀಟುಗಳ ವಿಷಯ, ಸರೋಜಮ್ಮನ ವಿಷಯ ಎಲ್ಲ ಹೇಳಿದೆ. ಅವನು ಕೇಳಿಸಿಕೊಂಡ.

“ಟೈಪು ಮಾಡಿದ ಎಣ್ಣುಮಗಳು ಏನು ಮಾಡ್ತಾಳೆ ಸಾರ್, ಪಾಪ. ಏಳುಮಲೆನೂ ಏನು ಮಾಡ್ತಾನೆ. ನಿಮ್ಮನ್ನ ನಾನು ಕೇಳ್ದೆ. ಅದಿನಾರು ಅಂದಿದ್ರೆ ಆಗ್ಲೇ ಗೊತ್ತಾಗೋದು. ಲಕೋಟೆ ಅಲ್ಲೇ ಇತ್ತಲ್ಲ.”

“ನನಗೆ ಹೊಳೀಲಿಲ್ಲ ಪಿಳ್ಳಪ್ಪ.”

“ಒಳೀಲಿಲ್ವಾ, ಬೇಡ ಅಂತ ಬಿಟ್ರಾ? ನಲವತ್ತೊಂದು ಅಂದಿದ್ದು ನಿಮ್ಗೆ ಇನ್ನೂ ಐತೆ ಅಂತ ನಂಗೆ ಅನುಮಾನ.”

ನಾನು ಉತ್ತರ ಕೊಡಲಿಲ್ಲ. ಅದಕ್ಕೂ ಒಂದು ಮಾತು ಸಾಕಿತ್ತು.

ಅವನು ಊರಿಗೆ ಹೋಗಿ ಹಸು ಕಟ್ಟಿದ. ಕಳ್ಳತನದಲ್ಲಿ ಸಿಕ್ಕಿಬಿದ್ದವನು ಎಂಬ ಮಾತು ಅವನಿಗಿಂತ ಮೊದಲೇ ಊರು ತಲುಪಿತ್ತು. ಬಹಳ ವರ್ಷ ಅವನ ಹಾಲನ್ನು ಎರಡು ಸಲ ಅಳೆದು ತೆಗೆದುಕೊಳ್ಳುತ್ತಿದ್ದರು. ಅವನು ನಿಜಕ್ಕೂ ಏನನ್ನೂ ಕದ್ದಿರಲಿಲ್ಲವೇ ಎಂದು ನನ್ನನ್ನು ಕೇಳಿದವರಿದ್ದಾರೆ. ಅವನ ಬುತ್ತಿಪಾತ್ರೆಯಲ್ಲಿ ಒಂದು ಕಾಗದ ಮಾತ್ರ ಸಿಕ್ಕಿತ್ತು ಎನ್ನುತ್ತೇನೆ. ನಾನು ಕಂಡದ್ದು ಅಷ್ಟು. ಅದಕ್ಕಿಂತ ಹೆಚ್ಚು ಹೇಳಿ ಒಮ್ಮೆ ಕೆಟ್ಟಿದ್ದೇನೆ.

ಏಳು ವರ್ಷದ ಮೇಲೆ ಮೇಷ್ಟ್ರುಗಳ ತರಬೇತಿಗೆಂದು ಬೆಂಗಳೂರಿಗೆ ಹೋದಾಗ, ಒಂದು ಕಾಲೇಜಿನ ಲೈಬ್ರರಿಯಲ್ಲಿ ಹುಡುಕಿದೆ. ಎರಡು ಮಧ್ಯಾಹ್ನ ಹಿಡಿಯಿತು. ಹತ್ತೊಂಬತ್ತು ಒಂದುಗಳ ಸಂಖ್ಯೆಯನ್ನು ಒಂದು ಮತ್ತು ಅದೇ ಸಂಖ್ಯೆಯ ಹೊರತು ಯಾವುದೂ ಭಾಗಿಸದು, ಅದು ನಾನೂ ಪಿಳ್ಳಪ್ಪನೂ ಹುಟ್ಟುವ ಮುಂಚೆಯೇ ಸಾಬೀತಾಗಿದೆ ಎಂದು ಪುಸ್ತಕದಲ್ಲಿತ್ತು. ಆ ಎರಡು ಮಧ್ಯಾಹ್ನಗಳು 1979ರಲ್ಲೂ ನನ್ನ ಬಳಿ ಇದ್ದವು.

ಬರೆದುಕೊಂಡು ಬಂದು ಅವನ ಕೊಟ್ಟಿಗೆಗೆ ಹೋದೆ. ಅವನು ಹಾಲು ಕರೆಯುವುದನ್ನು ನಿಲ್ಲಿಸದೆ ಕೇಳಿದ.

“ಪುಸ್ತಕದಾಗೆ ಎಷ್ಟು ಒಂದು ಇದ್ವು ಸಾರ್? ಎಣಿಸಿದ್ರಾ?”

“ಎಣಿಸಿದೆ. ಹತ್ತೊಂಬತ್ತು.”

“ಅಂಗಾದ್ರೆ ಸರಿ,” ಎಂದ ಪಿಳ್ಳಪ್ಪ. “ನಾನು ಭಾಗ ಮಾಡ್ತಾ ಮಾಡ್ತಾ ಐವತ್ತು ಸಾವಿರ ದಾಟಿದ್ದೀನಿ. ನಿಲ್ಸಲ್ಲ. ಪುಸ್ತಕ ನಂಬಲ್ಲ ಅಂತಲ್ಲ. ಅವರು ಯಾರ ರಿಜಿಸ್ಟರು ನೋಡಿ ಬರ್ಕೊಂಡ್ರೋ.”

ನಕ್ಕನೋ ಇಲ್ಲವೋ ತಿಳಿಯಲಿಲ್ಲ. ಅವನ ಮುಖ ಹಸುವಿನ ಹೊಟ್ಟೆಗೆ ಆನಿಕೊಂಡಿತ್ತು.

ಆ ಶುಕ್ರವಾರ ಕೋಣೆಯಲ್ಲಿದ್ದವರಲ್ಲಿ ಏಳುಮಲೆ ತೀರಿಕೊಂಡ. ಅಧಿಕಾರಿ ಬೇರೆ ಊರಿಗೆ ವರ್ಗವಾಗಿ ಹೋದರು, ಇದ್ದಾರೋ ಇಲ್ಲವೋ ಗೊತ್ತಿಲ್ಲ. ಸರೋಜಮ್ಮ ರಾಬರ್ಟ್‌ಸನ್‌ಪೇಟೆಯಲ್ಲಿ ಮಗಳ ಮನೆಯಲ್ಲಿದ್ದಾರೆ, ಕಣ್ಣು ಮಂಜಾಗಿದೆ, ಆ ಮೂರು ಅಡ್ಡ ಗೀಟುಗಳನ್ನು ಮರೆತಿಲ್ಲ. ಪಿಳ್ಳಪ್ಪ ಇದ್ದಾನೆ. ಬೆಳಿಗ್ಗೆ ಆರಕ್ಕೆ ಡೈರಿಯ ಹತ್ತಿರ ಸಿಗುತ್ತಾನೆ. ನಾನು ಬರೆದದ್ದರಲ್ಲಿ ಅನುಮಾನವಿದ್ದವರು ಹೋಗಿ ಅವನನ್ನೇ ಕೇಳಬಹುದು. ಅವನು ಮೊದಲು, ಆ ಕಾಗದದಲ್ಲಿ ಎಷ್ಟು ಒಂದು ಎಂದು ಮೇಷ್ಟ್ರು ಬರೆದಿದ್ದಾರೆ ಎಂದು ಕೇಳುತ್ತಾನೆ. ದಯವಿಟ್ಟು ಉತ್ತರ ಕೊಡಿ.